ಜರಡಿಯ ಮೇಲೆ ಉಳಿದದ್ದು

ನಮ್ಮೂರಿನಲ್ಲಿ ಗಿನಿ ಉಣ್ಣದೆ ಒಲೆ ಹತ್ತುವುದಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ಅವರ ಬಾಯಿ, ಅವರ ಹಲ್ಲು. ಬೆಂಕಿಕಡ್ಡಿ ಗೀರಿದರೆ ಹತ್ತುತ್ತದೆ, ಬೀಡಿ ಹತ್ತುತ್ತದೆ, ದೇವರ ಮುಂದಿನ ದೀಪ ಹತ್ತುತ್ತದೆ, ಹಿತ್ತಲಲ್ಲಿ ಗುಡಿಸಿ ಹಾಕಿದ ತರಗೆಲೆಯೂ ಹತ್ತುತ್ತದೆ. ಒಲೆ ಮಾತ್ರ ಮನೆಯ ಗಿನಿ ಬೆಳಗಿನ ಮೇವು ತಿಂದು ಮುಗಿಸುವ ತನಕ ತಣ್ಣಗೆ ಕೂತಿರುತ್ತದೆ. ವರ್ಗವಾಗಿ ಬಂದ ಒಬ್ಬ ಪೋಸ್ಟ್ ಮಾಸ್ಟರು ಜಂಬದಿಂದ ಗ್ಯಾಸ್ ಸಿಲಿಂಡರ್ ತಂದಿಟ್ಟುಕೊಂಡಿದ್ದರು. ಒಂದು ವಾರ ಬಾಳೆಹಣ್ಣು, ಬ್ರೆಡ್ಡು ತಿಂದುಕೊಂಡಿದ್ದು, ಎಂಟನೆಯ ದಿನ ನಮ್ಮ ಬೀದಿಗೆ ಬಂದು, ‘ಅಮ್ಮಾ, ಎಲ್ಲಾದ್ರೂ ಒಂದು ಮರಿ ಸಿಗುತ್ತಾ?’ ಎಂದು ಕೇಳಿದರು.

ಗಿನಿ ಎಂದರೆ ಪುಸ್ತಕದಲ್ಲಿ ಗಿನಿಪಿಗ್ ಎಂದು ಬರೆಯುತ್ತಾರಲ್ಲ, ಅದೇ. ಬಾಲವಿಲ್ಲ, ಮೊಲಕ್ಕಿಂತ ಚಿಕ್ಕದು, ಹೆಗ್ಗಣಕ್ಕಿಂತ ಮರ್ಯಾದಸ್ಥ ಪ್ರಾಣಿ. ಹಸಿವಾದರೆ ವೀಕ್ ವೀಕ್ ಎಂದು ಮನೆ ಎಬ್ಬಿಸುತ್ತದೆ. ಒಲೆಯ ಪಕ್ಕದಲ್ಲೇ ಬಿದಿರಿನ ಗೂಡು. ನಮ್ಮಲ್ಲಿ ಬೆಳಿಗ್ಗೆ ಎದುರು ಸಿಕ್ಕವರು ‘ಕಾಫಿ ಆಯ್ತಾ’ ಎಂದು ಕೇಳುವುದಿಲ್ಲ, ‘ನಿಮ್ದು ಉಂಡ್ತಾ?’ ಎಂದು ಕೇಳುತ್ತಾರೆ. ಸ್ಕೂಲಿಗೆ ತಡವಾಗಿ ಹೋದ ಮಗು ‘ಗಿನಿ ತಡ ಮಾಡ್ತು ಸಾರ್’ ಎಂದರೆ ಮೇಷ್ಟ್ರು ಬೈಯುವುದಿಲ್ಲ. ಅವರದೂ ಎಷ್ಟೋ ದಿನ ತಡ ಮಾಡಿರುತ್ತದೆ.

ಒಂದು ಒಲೆ ಒಂದೇ ಗಿನಿ ಸಂತಾನಕ್ಕೆ ಕೇಳುತ್ತದೆ. ಆ ಒಲೆಯ ಮಗ್ಗುಲಲ್ಲಿ ಹುಟ್ಟಿದ ತಾಯಿ, ಅದರ ಮರಿ, ಆ ಮರಿಯ ಮರಿ, ಹೀಗೆ. ಮದುವೆಯಾಗಿ ಹೊಸ ಮನೆ ಹೂಡುವವರು ತವರಿನ ಒಲೆಯ ಮರಿಯೊಂದನ್ನು ಒಯ್ದು ಹೊಸ ಒಲೆ ಹಾಕುತ್ತಾರೆ. ಆದರೆ ಇದ್ದ ಒಲೆಯ ಸಂತಾನ ನಿಂತುಹೋದರೆ ಮುಗಿಯಿತು. ಒಲೆಯನ್ನು ಕಿತ್ತು ಆ ಮಣ್ಣನ್ನು ಕೆರೆಗೆ ಹಾಕಬೇಕು. ಆ ಮನೆಯಲ್ಲಿ ಮತ್ತೆ ಒಲೆ ಕೂರುವುದಿಲ್ಲ. ಎಷ್ಟು ಜೇಡಿಮಣ್ಣು ಮೆತ್ತಿದರೂ ಬಿರುಕು ಬಿಟ್ಟು ಉದುರುತ್ತದೆ. ಮನೆಯವರು ಹತ್ತಿರದ ನೆಂಟರ ಒಲೆಗೆ ಹೋಗಿ ಸೇರಿಕೊಳ್ಳಬೇಕು. ನಾನು ಕಂಡಂತೆ ನಾಲ್ಕು ಮನೆ ಹಾಗೆ ಬಾಗಿಲು ಹಾಕಿವೆ.

ನಾನು ದೇವೀರಮ್ಮ. ಕೆಳಗಿನ ಬೀದಿಯ ಮೇವಿನ ಗಿರಣಿ ನನ್ನದು. ನನ್ನ ಗಂಡ ಹೋಗುವಾಗ ಈ ಗಿರಣಿ ಬಿಟ್ಟುಹೋದ, ಮಕ್ಕಳನ್ನು ಬಿಟ್ಟುಹೋಗಲಿಲ್ಲ. ನನ್ನ ಅವ್ವನ ಕಾಲದಲ್ಲಿ ಗಿನಿಗೆ ಗರಿಕೆ, ಜೋಳದ ಸಪ್ಪೆ, ಸೀಬೆ ಎಲೆ, ಹುರುಳಿ ಹೊಟ್ಟು, ಹಿತ್ತಲಲ್ಲಿ ಏನಿದ್ದರೆ ಅದನ್ನು ಕುಡುಗೋಲಿನಲ್ಲಿ ಕೊಚ್ಚಿ ಎಸೆಯುತ್ತಿದ್ದರು. ಅದನ್ನು ನೋಡಿದರೆ ನನಗೆ ಚಿಕ್ಕಂದಿನಿಂದಲೂ ಸಂಕಟ. ನಮಗೆ ಬೆಂಕಿ ಕೊಡುವ ಜೀವಕ್ಕೆ ಕಸ ಎಸೆದ ಹಾಗೆ ಎಸೆಯುವುದೇ? ಗಿರಣಿ ನನ್ನ ಕೈಗೆ ಬಂದ ಮೇಲೆ ಎಲ್ಲವನ್ನೂ ಒಣಗಿಸಿ, ಬೀಸಿ, ಜರಡಿ ಹಿಡಿದು ಕೊಡತೊಡಗಿದೆ. ಆ ಹಿಟ್ಟಿಗೆ ನೀರು ಚಿಮುಕಿಸಿ ಉಂಡೆ ಕಟ್ಟಿ ಗೂಡಿನಲ್ಲಿಟ್ಟರೆ ನೋಡುವುದಕ್ಕೇ ಒಂದು ಲಕ್ಷಣ.

ಊರಿಗೆ ಊರೇ ಇದನ್ನು ಮೆಚ್ಚಿಕೊಂಡಿತು. ಮೊದಲ ವರ್ಷ ರವೆಯಷ್ಟು ಸಣ್ಣ, ಆಮೇಲೆ ರಾಗಿ ಹಿಟ್ಟಿನಷ್ಟು, ಆಮೇಲೆ ಮುಖಕ್ಕೆ ಹಚ್ಚುವ ಪೌಡರಿನಷ್ಟು. ‘ಅವರ ಮನೆಗೆ ಕೊಟ್ಟಿದ್ದಕ್ಕಿಂತ ಒಂದು ಸುತ್ತು ಜಾಸ್ತಿ ಬೀಸಿ ಅಕ್ಕ’ ಎಂದು ಹೆಂಗಸರು ಕಿವಿಯಲ್ಲಿ ಹೇಳುವರು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮೊದಲು ಗಿನಿಯ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುವರು. ಹಸಿ ಹುಲ್ಲು ಹಾಕುವ ಮನೆಯೆಂದರೆ ಗತಿಗೆಟ್ಟ ಮನೆ ಎಂದಾಯಿತು. ಜರಡಿಯ ಮೇಲೆ ಉಳಿಯುವ ತರಿ, ಕಡ್ಡಿ, ನಾರನ್ನು ನಾನು ಗಿರಣಿಯ ಹಿಂದೆ ಗೋಣಿಚೀಲಕ್ಕೆ ತುಂಬಿಸಿ ಮೂಲೆಗೆ ಒಗೆಯುತ್ತಿದ್ದೆ. ಜಂಬ ಇತ್ತು ನನಗೆ, ಇಲ್ಲ ಎನ್ನುವುದಿಲ್ಲ. ಊರಿನ ಪ್ರತಿ ಒಲೆಯಲ್ಲೂ ನನ್ನ ಕೈ ಇದೆ ಎನ್ನುವ ಜಂಬ.

ಇಂದ್ರಿ ನನ್ನ ತಂಗಿಯ ಮಗಳು. ಅಪ್ಪ ಮೊದಲೇ ಹೋಗಿದ್ದ, ಅವಳಿಗೆ ಮೂರು ವರ್ಷವಿರುವಾಗ ತಂಗಿಯೂ ತೀರಿಕೊಂಡಳು. ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ತಂದೆ. ಆದರೆ ತಂಗಿಯ ಒಲೆಯನ್ನು ಸಾಯಲು ಬಿಡಲಿಲ್ಲ. ಐದು ಮನೆಯಾಚೆಗಿನ ಆ ಬೀಗ ಹಾಕಿದ ಮನೆಗೆ ದಿನಾ ಹೋಗಿ ಅಲ್ಲಿನ ಗಿನಿಗೆ ಉಣ್ಣಿಸಿ, ಒಲೆ ಹಚ್ಚಿ, ಒಂದು ಲೋಟ ನೀರು ಕಾಯಿಸಿ ಬರುತ್ತಿದ್ದೆ. ಹತ್ತೊಂಬತ್ತು ವರ್ಷ. ಜ್ವರ ಬಂದಾಗಲೂ ಹೋಗಿದ್ದೇನೆ. ಇಂದ್ರಿಗೆ ಅವಳ ಅವ್ವನದು ಎಂದು ಉಳಿದಿದ್ದು ಅದೊಂದೇ, ಮೂರು ಗುಂಡಿನ ಆ ಮಣ್ಣಿನ ಒಲೆ.

ಅವಳನ್ನು ನಾನು ಹೇಗೆ ಸಾಕಿದೆ ಎಂದು ನನ್ನ ಬಾಯಿಂದಲೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಮುಳ್ಳಿರುವ ಮೀನು ತಿನ್ನಲು ಬಿಡಲಿಲ್ಲ. ಬಾವಿಯಿಂದ ನೀರು ಸೇದಲು ಬಿಡಲಿಲ್ಲ. ಮಾತಿಗೆ ಮಾತು ಬೆಳೆಸುವ ಮಕ್ಕಳ ಜೊತೆ ಆಡಲು ಬಿಡಲಿಲ್ಲ. ಅಂಥವಳು ಹೋದ ವರ್ಷ ಛತ್ರಿ ರಿಪೇರಿ ಮಾಡುವ ಗುರುಮಲ್ಲುವನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಒಳ್ಳೆಯವನು, ಪರವೂರಿನವನು, ಹಿಂದೆ ಮುಂದೆ ಯಾರೂ ಇಲ್ಲ. ‘ಇಬ್ರೂ ಇಲ್ಲೇ ಇರಿ, ಮನೆ ಇಷ್ಟು ದೊಡ್ಡದೈತೆ’ ಎಂದೆ. ‘ಇಲ್ಲ ದೊಡ್ಡಮ್ಮ, ನಮ್ಮವ್ವನ ಒಲೆ ಐತಲ್ಲ, ಅಲ್ಲಿಗೆ ಹೋಗ್ತೀವಿ’ ಎಂದಳು. ನಾನೇ ಹತ್ತೊಂಬತ್ತು ವರ್ಷ ಕಾದಿಟ್ಟ ಒಲೆ! ನಗುತ್ತಾ ಕಳಿಸಿಕೊಟ್ಟೆ, ಬಾಗಿಲು ಹಾಕಿಕೊಂಡು ಅತ್ತೆ.

ಆ ಬೇಸಿಗೆಯಲ್ಲಿ ಒಲೆಗಳು ತಡ ಮಾಡತೊಡಗಿದವು. ಮೊದಲು ಅಲ್ಲೊಂದು ಇಲ್ಲೊಂದು. ಗಿನಿಗಳು ಉಂಡೆಯನ್ನು ಮೂಸುವುದು, ಅರ್ಧ ತಿನ್ನುವುದು, ಬೆನ್ನು ಗೂನು ಮಾಡಿಕೊಂಡು ಮೂಲೆಗೆ ಸೇರುವುದು. ಗಿನಿ ಅರ್ಧ ತಿಂದರೆ ಒಲೆಯೂ ಅರ್ಧವೇ ಉರಿಯುತ್ತದೆ. ಅನ್ನ ಅಗುಳಗುಳಾಗಿ ಬೇಯದೆ ಉಳಿಯುತ್ತದೆ. ಇಂದ್ರಿಯ ಮನೆಯಲ್ಲಿ ಮೂರು ಗಿನಿ ಇದ್ದವು. ತಿಂಗಳಲ್ಲಿ ಎರಡು ಸತ್ತವು. ಉಳಿದದ್ದು ಬೂದಿ ಬಣ್ಣದ ಹೆಣ್ಣು, ಹೆಸರೂ ಬೂದಿಯೇ. ಅದು ತುಂಬಿದ ಬಸುರಿ. ಆ ಒಲೆಗೆ ಇನ್ನು ಅದು ಬಿಟ್ಟರೆ ಗತಿಯಿಲ್ಲ.

ಒಂದು ಬೆಳಿಗ್ಗೆ ಸಿದ್ದವೀರಣ್ಣ ಗಿರಣಿಗೆ ಬಂದರು. ಅವರು ಊರಿನ ಹಿಕ್ಕೆ ನೋಡುವವರು. ಬೆಳಿಗ್ಗೆ ಮನೆಮನೆಗೆ ಹೋಗಿ ಗೂಡಿನ ಹಿಕ್ಕೆಯನ್ನು ಅಂಗೈಯಲ್ಲಿ ಹಾಕಿಕೊಂಡು, ಒತ್ತಿ, ಮೂಸಿ, ಗಿನಿಯ ಯೋಗಕ್ಷೇಮ ಹೇಳುವುದು ಅವರ ತಲೆತಲಾಂತರದ ಕೆಲಸ. ಪಂಚೆಯ ತುದಿಯ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದರು.

‘ದೇವೀರವ್ವ, ಇದು ನಿಮ್ಮ ಇಂದ್ರಿ ಮನೇದು. ಇದು ಮೇಲಿನ ಬೀದೀದು. ಮೊದ್ಲು ಅವರೆಕಾಳಿನಷ್ಟು ದಪ್ಪ ಇರ್ತಿತ್ತು. ಈಗ ನೋಡು, ಜೀರಿಗೆ ಆಗ್ಬಿಟ್ಟೈತೆ. ಕೆಲವು ಮನೇಲಿ ಅದೂ ಇಲ್ಲ.’

‘ಅದಕ್ಕೆ ನಾನೇನು ಮಾಡ್ಲಿ ಸಿದ್ದವೀರಣ್ಣ? ಬಿಸಿಲು ಜಾಸ್ತಿ.’

‘ಬಿಸಿಲು ಎಲ್ಲಾ ವರ್ಷಾನೂ ಬರ್ತದೆ. ಕೋಪ ಮಾಡ್ಕೋಬೇಡ. ನಿನ್ನ ಹಿಟ್ಟು ಅತೀ ನುಣ್ಣಗಾಯ್ತೇನೋ ಅಂತ ನನ್ನ ಅನುಮಾನ.’

ನನ್ನ ಮೈಯೆಲ್ಲ ಉರಿದುಹೋಯಿತು. ‘ನುಣ್ಣಗಾದ್ರೆ ಯಾರಾದ್ರೂ ಸಾಯ್ತಾರಾ? ಹುಷಾರಿಲ್ದೋರಿಗೆ ಗಂಜಿ ಕೊಡ್ತೀರೋ, ಕಡ್ಲೆ ಕೊಡ್ತೀರೋ? ನಿಮ್ಮ ಹಿಕ್ಕೆ ನೀವು ನೋಡ್ಕೊಳ್ಳಿ, ನನ್ನ ಗಿರಣಿ ನಾನು ನೋಡ್ಕೋತೀನಿ!’ ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಅವರು ಗಂಟು ಕಟ್ಟಿಕೊಂಡು ಹೊರಟರು. ಎಂಬತ್ತು ವರ್ಷದ ಮನುಷ್ಯ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹಟಕ್ಕೆ ಬಿದ್ದು ನಾನು ಮಾಡಿದ್ದೇನು ಗೊತ್ತೇ? ಇನ್ನೂ ಸಣ್ಣಗೆ ಬೀಸಿದೆ. ಕಾಯಿಲೆಯ ಹೊಟ್ಟೆಗೆ ಗಂಜಿಯಂಥದು ಬೇಕು, ಮೆತ್ತಗಿನದು ಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಇಂದ್ರಿಯ ಬೂದಿಗೆಂದೇ ಹಿಟ್ಟನ್ನು ತೆಳು ಪಂಚೆಯಲ್ಲಿ ಮೂರು ಸಲ ಸೋಸಿ, ಡಬ್ಬಿಗೆ ಹಾಕಿ, ದಿನಾ ನಾನೇ ಒಯ್ದು ಕೊಟ್ಟೆ. ಅದು ಊದಿದರೆ ಹಾರಿಹೋಗುತ್ತಿತ್ತು. ‘ಇದನ್ನೂ ತಿನ್ನಲ್ಲ ದೊಡ್ಡಮ್ಮ, ನೋಡು, ನೆಕ್ಕಿ ಬಿಟ್ಬಿಡ್ತದೆ’ ಎಂದು ಇಂದ್ರಿ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೂದಿಯ ತಲೆ ನೇವರಿಸುತ್ತಿದ್ದಳು. ಬೂದಿಯ ಮುಂದಿನ ಹಲ್ಲು ಉದ್ದ ಬೆಳೆದು ತುಟಿಯಿಂದ ಹೊರಗೆ ಬಂದಿತ್ತು. ಕಂಡೂ ನನಗೆ ಹೊಳೆಯಲಿಲ್ಲ. ‘ನಾಳೆ ಇನ್ನೊಂದ್ಸಲ ಸೋಸಿ ತರ್ತೀನಿ ಬಿಡು’ ಎಂದೆ. ಗುರುಮಲ್ಲು ಗೋಡೆಗೊರಗಿ ಯಾರದೋ ಛತ್ರಿಯ ಕಡ್ಡಿ ಬಗ್ಗಿಸುತ್ತಾ ಕೂತಿದ್ದ. ‘ಅತ್ತೆಮ್ಮ, ನಾಕು ದಿನ ಆಯ್ತು ನಮ್ಮ ಒಲೇಲಿ ಅನ್ನ ಬೆಂದು’ ಎಂದು ಮೆಲ್ಲಗೆ ಹೇಳಿದ. ದೂರಿನಂತೆ ಹೇಳಲಿಲ್ಲ, ಅದೇ ನನಗೆ ಚುಚ್ಚಿತು.

ಊರಿಗೆಲ್ಲ ಇಷ್ಟು ಆಗಿರುವಾಗ ನನ್ನ ಮನೆಯ ಒಲೆ ಮಾತ್ರ ಧಗಧಗ ಉರಿಯುತ್ತಿತ್ತು. ನನ್ನ ಗಿನಿ ರಾಯ, ಬಿಳಿ ಕಂದು ಮಚ್ಚೆಯ ಗಂಡು, ಗುಂಡುಕಲ್ಲಿನ ಹಾಗಿದ್ದ. ಬೂದಿಯ ಹೊಟ್ಟೆಯಲ್ಲಿದ್ದುದೂ ಅವನ ಮರಿಗಳೇ. ಇದು ಜನರ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ದಿನ ಮೇಲಿನ ಬೀದಿಯ ಏಳೆಂಟು ಹೆಂಗಸರು ಗಿರಣಿಯ ಮುಂದೆ ನಿಂತರು. ಅವರಲ್ಲಿ ದೊಡ್ಡ ಬಾಯಿಯವಳು ಪುಟ್ಟಸಿದ್ದಮ್ಮ, ಹೂವು ಕಟ್ಟುವವಳು.

‘ದೇವೀರಕ್ಕ, ನಮಗೆಲ್ಲ ಒಂದು ಹಿಟ್ಟು, ನಿನಗೊಂದು ಹಿಟ್ಟಾ?’

‘ಏನಂದೆ?’

‘ಸುತ್ತಿ ಬಳಸಿ ಯಾಕೆ? ನಿನ್ನ ರಾಯನಿಗೆ ಏನು ಹಾಕ್ತೀಯ ಹೇಳು. ನನ್ನ ಮನೇಲಿ ಒಂದು ವಾರದಿಂದ ಮಕ್ಕಳು ಅವಲಕ್ಕಿ ನೆನೆಸ್ಕೊಂಡು ತಿಂತಾ ಅವೆ.’

‘ನೀವು ಒಯ್ಯೋ ಡಬ್ಬದಿಂದಾನೇ ಅವನಿಗೂ ಹಾಕೋದು. ನನ್ನ ಒಲೆ ಆಣೆ!’ ಎಂದೆ. ನಮ್ಮೂರಿನಲ್ಲಿ ಒಲೆಯ ಆಣೆಯ ಮೇಲೆ ಬೇರೆ ಆಣೆಯಿಲ್ಲ. ಹೆಂಗಸರು ಮೂಗು ಮುರಿದುಕೊಂಡು ಹೋದರು. ಅವರು ಹೋದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಆದರೆ ಹಿಂದೆಯೇ ಇಂದ್ರಿ ಬಂದಳು. ಬಾಗಿಲಲ್ಲೇ ನಿಂತು, ‘ದೊಡ್ಡಮ್ಮ, ನನ್ನತ್ರ ಆದ್ರೂ ನಿಜ ಹೇಳು. ರಾಯನಿಗೆ ಬೇರೆ ಏನಾದ್ರೂ ಹಾಕ್ತೀಯಾ?’ ಎಂದಳು.

ಬೆಳೆಸಿದ ಮಗಳು ಹಾಗೆ ಕೇಳಿದರೆ ಹೇಗಾಗಬೇಡ? ‘ಇಲ್ಲ ಕಣೇ’ ಎಂದೆ. ಅವಳು ತಲೆಯಾಡಿಸಿ ಹೋದಳು. ನಂಬಿದಳೋ ಬಿಟ್ಟಳೋ ಗೊತ್ತಾಗಲಿಲ್ಲ.

ಮರುದಿನ ಗಿರಣಿ ನಿಲ್ಲಿಸಿ ರಾಯನನ್ನು ಕಾಯುತ್ತಾ ಕೂತೆ. ಬೆಳಿಗ್ಗೆ ಉಂಡೆ ಇಟ್ಟೆ. ಮೂಸಿದ, ಕಾಲಲ್ಲಿ ತಳ್ಳಿದ, ಒಂದು ಚೂರು ಬಾಯಿಗೆ ಹಾಕಿಕೊಂಡ. ಹೊತ್ತು ಏರಿದ ಮೇಲೆ ನನ್ನ ಕಡೆ ಒಮ್ಮೆ ನೋಡಿ, ಗೂಡಿನ ಹಿಂದುಗಡೆ ನುಗ್ಗಿದ. ಅಲ್ಲಿ ಒಂದು ಬಿದಿರಿನ ಸೀಳು ಮುರಿದದ್ದು ನನಗೆ ತಿಳಿದೇ ಇರಲಿಲ್ಲ. ಗೋಡೆಯ ಬುಡದ ನೀರು ಹೋಗುವ ಕಿಂಡಿಯಲ್ಲಿ ತೂರಿ ಹೊರಗೆ ಬಿದ್ದ. ನಾನು ಸೀರೆ ಎತ್ತಿ ಕಟ್ಟಿಕೊಂಡು ಹಿತ್ತಲಿಂದ ಸುತ್ತಿ ಬಂದೆ. ನಮ್ಮ ರಾಯ ಗಿರಣಿಯ ಹಿಂದೆ, ನಾನು ಒಗೆದ ತರಿಯ ಚೀಲದ ಹರುಕಿಗೆ ಮುಖ ಇಟ್ಟುಕೊಂಡು ಕೂತಿದ್ದ. ಬೆರಳುದ್ದದ ಒಂದು ಸಪ್ಪೆ ಕಡ್ಡಿಯನ್ನು ತುದಿಯಿಂದ ಹಿಡಿದು ಕಟಕಟ ಕಟಕಟ ಕಡಿಯುತ್ತಾ ಒಳಗೆಳೆದುಕೊಂಡ. ಅದು ಮುಗಿದರೆ ಇನ್ನೊಂದು. ಸುತ್ತಲೂ ನೆಲದ ಮೇಲೆ ಅವರೆಕಾಳಿನಷ್ಟು ದಪ್ಪದ ಹಿಕ್ಕೆ, ಒಂದೇ ಸಮ, ಒಣಗಿ ಹೊಳೆಯುತ್ತಿದ್ದವು.

ನಾನು ಬೇಡವೆಂದು ಒಗೆದದ್ದೇ ಗಿನಿಗೆ ಬೇಕಾಗಿದ್ದುದು. ಬೇಕು ಬೇಕೆಂದು ಸೋಸಿ ಸೋಸಿ ಕೊಟ್ಟದ್ದು ಊರಿನ ಗಿನಿಗಳ ಹೊಟ್ಟೆ ಕೆಡಿಸಿತ್ತು. ಸಿದ್ದವೀರಣ್ಣ ಹೇಳಿದ ಮಾತು, ನಾನು ಕೂಗಿದ ಕೂಗು, ಎಲ್ಲ ಕಿವಿಯಲ್ಲಿ ಕೇಳಿಸಿತು. ಆಗಷ್ಟೇ ಹೊತ್ತು ನೆತ್ತಿಗೆ ಬಂದಿತ್ತು. ಒಂದು ಹಿಡಿ ತರಿ ತೆಗೆದುಕೊಂಡು ಐದು ಮನೆ ನಡೆಯಬೇಕಿತ್ತು, ಅಷ್ಟೇ.

ನಡೆಯಲಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಯೇ ಬಿಡುತ್ತೇನೆ. ಮೊದಲು ಗಿರಣಿಯ ಹೆಸರು ಹೋಗುತ್ತದಲ್ಲ ಎಂದು ಅನ್ನಿಸಿತು. ಪುಟ್ಟಸಿದ್ದಮ್ಮನ ಮುಂದೆ ಹೇಗೆ ತಲೆ ಎತ್ತಲಿ ಎಂದು ಅನ್ನಿಸಿತು. ಆದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದು ಬಂತು. ಬೂದಿ ಹೋದರೆ ಇಂದ್ರಿಯ ಒಲೆ ಹೋಗುತ್ತದೆ. ಇಂದ್ರಿಯ ಒಲೆ ಹೋದರೆ ಅವಳಿಗೆ ಇರುವ ನೆಂಟಳು ನಾನೊಬ್ಬಳೇ. ಮನೆ ಮತ್ತೆ ತುಂಬುತ್ತದೆ. ಬೆಳಿಗ್ಗೆ ಎದ್ದರೆ ‘ದೊಡ್ಡಮ್ಮ’ ಎಂದು ಕೂಗು ಕೇಳುತ್ತದೆ. ನಾನೇನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು. ಒಳಗೆ ಹೋಗಿ ನಡುಮನೆ ಗುಡಿಸಿದೆ. ಹಳೆಯ ಚಾಪೆಯನ್ನು ಕೊಡವಿ ಬಿಸಿಲಿಗೆ ಹಾಕಿದೆ. ಏನು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಮಾಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಗುರುಮಲ್ಲು ಬೀದಿಯಲ್ಲಿ ಓಡಿಹೋದದ್ದು ಕಂಡಿತು. ಸಿದ್ದವೀರಣ್ಣನನ್ನು ಕರೆಯಲು ಎಂದು ಅವನ ಓಟದಲ್ಲೇ ಗೊತ್ತಾಯಿತು. ತರಿಯ ಚೀಲ ಹೊತ್ತುಕೊಂಡು ನಾನೂ ಓಡಿದೆ.

ಬೂದಿ ಮಗ್ಗುಲಿಗೆ ಬಿದ್ದಿತ್ತು. ಹೊಟ್ಟೆ ಉಬ್ಬಿ ತಮಟೆಯ ಹಾಗೆ ಬಿಗಿದಿತ್ತು. ಸಿದ್ದವೀರಣ್ಣ ಕಿವಿಯಿಟ್ಟು ಕೇಳಿ, ‘ಒಳಗೆ ಏನೂ ಓಡಾಡ್ತಿಲ್ಲ’ ಎಂದರು. ನಾನು ಚೀಲವನ್ನು ಅವರ ಕಾಲ ಬಳಿ ಸುರಿದೆ. ‘ಸಿದ್ದವೀರಣ್ಣ, ನೀವು ಹೇಳಿದ್ದೇ ಸರಿ. ರಾಯ ತಿಂತಿರೋದು ಇದನ್ನ. ನನ್ನ ಹಿಟ್ಟೇ ಕೊಲ್ತಾ ಇರೋದು’ ಎಂದೆ. ಇಂದ್ರಿ ನನ್ನ ಮುಖ ನೋಡಿದಳು, ಆ ತರಿ ನೋಡಿದಳು.

ಮುದುಕರು ಬೈಯಲಿಲ್ಲ. ಒಂದು ಹಿಡಿ ತೆಗೆದು ದೀಪದ ಬೆಳಕಿಗೆ ಹಿಡಿದರು. ‘ಹೂಂ. ಕರುಳಿಗೆ ತಳ್ಳೋಕೆ ಏನಾದ್ರೂ ಬೇಕಲ್ಲವ್ವ. ಕಡ್ಡಿ, ನಾರು ಇದ್ರೆ ಅದು ಮುಂದಕ್ಕೆ ಓಡ್ತದೆ, ಹಲ್ಲೂ ಸವೀತದೆ. ಬರೀ ಧೂಳು ಹೋದ್ರೆ ಇದರ ಹೊಟ್ಟೇಲಿ ಒಂದು ಚೀಲ ಐತಲ್ಲ, ಅಲ್ಲಿ ಕೂತ್ಕೊಂಡು ಹುಳೀತದೆ. ಗಾಳಿ ತುಂಬ್ತದೆ.’ ಬೂದಿಯನ್ನು ಮಡಿಲಿಗೆ ಎತ್ತಿಕೊಂಡು ಎರಡು ಬೆರಳಲ್ಲಿ ಹೊಟ್ಟೆಯನ್ನು ಮೆಲ್ಲಗೆ ನೀವತೊಡಗಿದರು. ‘ಮಧ್ಯಾಹ್ನ ಇಷ್ಟು ಉಬ್ಬಿರಲಿಲ್ಲ ಅಂತಾನೆ ಗುರುಮಲ್ಲು. ಆಗ್ಲೇ ಇದು ಗೊತ್ತಾಗಿದ್ರೆ ಚೆನ್ನಾಗಿತ್ತು’ ಎಂದರು. ಸುಮ್ಮನೆ ಹೇಳಿದ ಮಾತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಗಾಗುತ್ತಲೇ ಕೈಗಾಡಿಗೆ ತರಿಯ ಚೀಲ ಹೇರಿಕೊಂಡು ಊರು ಸುತ್ತಿದೆ. ಪ್ರತಿ ಬಾಗಿಲಲ್ಲೂ ಅದೇ ಮಾತು: ‘ತಪ್ಪು ನನ್ನದು. ಹಿಟ್ಟು ಬಿಸಾಕಿ, ಇದನ್ನ ಹಾಕಿ, ಹಸಿ ಗರಿಕೆ ಹಾಕಿ.’ ಕೆಲವರು ಬೈದರು, ಬೈಸಿಕೊಂಡೆ. ಕೆಲವರಿಗೆ ನಂಬಿಕೆಯೇ ಬರಲಿಲ್ಲ. ‘ಈ ಕಸಾನಾ? ನಮ್ಮ ಮಾನ ಏನಾಗ್ಬೇಕು?’ ಎಂದು ಒಬ್ಬಳು ಕೇಳಿದಳು. ಪುಟ್ಟಸಿದ್ದಮ್ಮನ ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ ಎಂದುಕೊಂಡಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿ, ‘ಒಲೆ ಆಣೆ ಇಟ್ಟಾಗ ಸುಳ್ಳು ಹೇಳಿರಲಿಲ್ಲ ಅನ್ನು’ ಎಂದು ಎರಡು ಮೊರ ತರಿ ಹಾಕಿಸಿಕೊಂಡಳು. ಗಿರಣಿಗೆ ಬಂದು ಸಣ್ಣ ಜರಡಿಯನ್ನು ಬಿಚ್ಚಿ ಅಟ್ಟಕ್ಕೆ ಎಸೆದೆ. ನಾಲ್ಕನೆಯ ದಿನಕ್ಕೆ ಮೇಲಿನ ಬೀದಿಯಲ್ಲಿ ಹೊಗೆ ಕಂಡಿತು. ಆಮೇಲೆ ಒಂದೊಂದೇ ಮನೆ.

ನಾನು ಮಾತ್ರ ಆ ದಿನಗಳನ್ನೆಲ್ಲ ಇಂದ್ರಿಯ ಅಡಿಗೆಮನೆಯಲ್ಲೇ ಕಳೆದೆ. ಬೂದಿ ಸಾಯಲೂ ಇಲ್ಲ, ಏಳಲೂ ಇಲ್ಲ. ನೀವಿ ನೀವಿ ಹೊಟ್ಟೆಯ ಬಿಗಿ ಸ್ವಲ್ಪ ಸಡಿಲಿತು. ಉದ್ದವಾದ ಹಲ್ಲನ್ನು ಸಿದ್ದವೀರಣ್ಣ ಸಣ್ಣ ಅರದಿಂದ ಉಜ್ಜಿ ಗಿಡ್ಡ ಮಾಡಿದರು. ಇಂದ್ರಿ ಗರಿಕೆಯ ಒಂದೊಂದೇ ಎಳೆಯನ್ನು ಅದರ ತುಟಿಗೆ ಹಿಡಿಯುವಳು. ಹತ್ತು ಸಲ ಹಿಡಿದರೆ ಒಮ್ಮೆ ಕಡಿಯುವುದು. ಎರಡನೆಯ ದಿನ ಒಂದು ಹಿಕ್ಕೆ ಬಿತ್ತು. ಒಂದೇ ಒಂದು. ಗುರುಮಲ್ಲು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದ. ಪುಣ್ಯಾತ್ಮ, ಅವನ ಮೇಲೆ ನನಗೆ ಅವತ್ತು ಪ್ರೀತಿ ಬಂತು.

ಐದನೆಯ ದಿನ ಬೆಳಿಗ್ಗೆ, ಬಿಸಿಲು ಹೊಸಿಲಿಗೆ ಬಂದ ಹೊತ್ತಿಗೆ, ಬೂದಿ ಈಯಿತು. ಎರಡು ಮರಿ. ಒಂದು ಸತ್ತೇ ಹುಟ್ಟಿತು. ಇನ್ನೊಂದು ಕಪ್ಪು ಕಿವಿಯದು, ಮೈತುಂಬ ಕೂದಲು, ಕಣ್ಣು ತೆರೆದುಕೊಂಡೇ ಬಂತು. ಗಿನಿ ಮರಿಗಳೇ ಹಾಗೆ, ಹುಟ್ಟುವಾಗಲೇ ಸಂಸಾರಕ್ಕೆ ತಯಾರು. ಬೂದಿ ಅದನ್ನು ನೆಕ್ಕಿತು, ಮೈ ಒಣಗುವ ತನಕ ನೆಕ್ಕಿತು. ಆಮೇಲೆ ತಲೆಯನ್ನು ಇಂದ್ರಿಯ ಅಂಗೈಯಲ್ಲಿ ಇಟ್ಟು ಪ್ರಾಣ ಬಿಟ್ಟಿತು. ಇಂದ್ರಿ ಅಳಲಿಲ್ಲ. ಮರಿಯನ್ನೇ ನೋಡುತ್ತಾ ಕೂತಳು. ಸಿದ್ದವೀರಣ್ಣನೂ ಸೇರಿ ನಾವು ನಾಲ್ಕೂ ಜನ ಮರಿಯನ್ನೇ ನೋಡುತ್ತಾ ಕೂತೆವು. ಅದು ತಿಂದರೆ ಒಲೆ ಉಂಟು, ಇಲ್ಲವಾದರೆ ಇಲ್ಲ.

ಮಧ್ಯಾಹ್ನದ ತನಕ ಅದು ತಾಯಿಯ ಜಾಗವನ್ನು ಮೂಸುತ್ತಾ ತಿರುಗಿತು. ಇಂದ್ರಿ ಬತ್ತಿ ಮಾಡಿ ಮೇಕೆಹಾಲು ತೊಟ್ಟಿಕ್ಕಿಸಿದಳು. ನಾನು ಮನೆಯಿಂದ ಕುಡುಗೋಲು ತಂದಿದ್ದೆ. ಎಳೆಯ ಗರಿಕೆಯನ್ನು, ಸಪ್ಪೆಯ ಒಳಗಿನ ಮೆದು ನಾರನ್ನು ಅದರಲ್ಲೇ ಕೊಚ್ಚಿ ಇಟ್ಟೆ. ಇನ್ನೂ ಚಿಕ್ಕದು ಮಾಡೋಣ ಎಂದು ನನ್ನ ಕೈ ಮತ್ತೆ ಮತ್ತೆ ಹೋಗುತ್ತಿತ್ತು. ‘ಸಾಕು ದೊಡ್ಡಮ್ಮ, ಅದಕ್ಕೂ ಹಲ್ಲು ಐತೆ’ ಎಂದು ಇಂದ್ರಿ ನನ್ನ ಕೈ ಹಿಡಿದಳು. ಮರಿ ಬಂತು. ಒಂದು ಎಳೆಯನ್ನು ಅಡ್ಡಡ್ಡ ಕಚ್ಚಿಕೊಂಡಿತು. ಜಾರಿತು. ಮತ್ತೆ ತುದಿಯಿಂದ ಹಿಡಿದು ಕಡಿಯಿತು. ಅಷ್ಟು ಸಣ್ಣ ಬಾಯಿಂದ ಅಷ್ಟು ಸದ್ದು! ಎಳೆ ಪೂರ್ತಿ ಒಳಗೆ ಹೋಯಿತು. ಇಂದ್ರಿ ಕಡ್ಡಿ ಗೀರಿ ಒಲೆಯ ಬಾಯಿಗೆ ಹಿಡಿದಳು. ಒಳಗಿನ ಒಣ ಪುರಳೆ ಕಡ್ಡಿ ಚಟಚಟ ಎಂದಿತು, ಹೊಗೆಯಾಡಿತು, ಹತ್ತಿಕೊಂಡಿತು.

ಗುರುಮಲ್ಲು ಗಂಡಸು ಎನ್ನುವುದನ್ನೂ ಮರೆತು ಜೋರಾಗಿ ಅತ್ತ. ಸಿದ್ದವೀರಣ್ಣ ಕಣ್ಣೊರೆಸಿಕೊಂಡು, ಬೂದಿಯನ್ನೂ ಸತ್ತ ಮರಿಯನ್ನೂ ಬಾಳೆ ಎಲೆಯಲ್ಲಿ ಸುತ್ತಿಕೊಂಡು, ಅವನನ್ನೂ ಕರೆದುಕೊಂಡು ಹಿತ್ತಲಿಗೆ ಹೋದರು. ಅಡಿಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಇಂದ್ರಿ ಹೆಂಚು ಇಟ್ಟು, ರಾಗಿ ಹಿಟ್ಟು ಕಲಸಿ ರೊಟ್ಟಿ ತಟ್ಟತೊಡಗಿದಳು. ಬೆಂಕಿಯ ಬೆಳಕಿನಲ್ಲಿ ಅವಳ ಮುಖ ನನ್ನ ತಂಗಿಯದೇ. ಇನ್ನು ಸುಮ್ಮನಿದ್ದರೆ ನಾನು ಬದುಕಿದ್ದು ದಂಡ ಅನ್ನಿಸಿತು.

‘ಇಂದ್ರಿ, ನಾನು ಅವತ್ತು ದೀಪದ ಹೊತ್ತಿಗೆ ಬಂದೆನಲ್ಲ. ನನಗೆ ಮಧ್ಯಾಹ್ನವೇ ಗೊತ್ತಿತ್ತು ಕಣೇ.’

ಅವಳ ಕೈ ನಿಂತಿತು. ಆಮೇಲೆ ಮತ್ತೆ ತಟ್ಟಿದಳು. ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ತಿರುಗಿಸಿ ಹಾಕಿ, ನನ್ನ ಕಡೆ ನೋಡದೆ, ‘ಅಷ್ಟೊತ್ತು ಏನು ಮಾಡ್ತಿದ್ದೆ?’ ಎಂದಳು.

‘ನಡುಮನೆ ಗುಡಿಸ್ದೆ. ಚಾಪೆ ಬಿಸಿಲಿಗೆ ಹಾಕ್ದೆ. ನಿನ್ನ ಒಲೆ ಹೋದ್ರೆ ನೀನು ನಮ್ಮನೆಗೆ ಬರ್ತೀಯಲ್ಲ, ಎಲ್ಲಿ ಮಲಗಿಸ್ಲಿ ಅಂತ ನೋಡ್ತಿದ್ದೆ.’

ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಅದಕ್ಕೆ ತಯಾರಾಗಿದ್ದೆ.

‘ಎಲ್ಲಿ ಅಂದ್ಕೊಂಡೆ?’

‘ಕಿಟಕಿ ಕೆಳಗೆ. ನೀನು ಚಿಕ್ಕಂದಿನಿಂದ ಮಲಗ್ತಿದ್ದೆಯಲ್ಲ, ಅದೇ ಜಾಗ. ಗಾಳಿ ಚೆನ್ನಾಗಿ ಬರ್ತದೆ ಅಂತ ನಾನೇ ಆರಿಸಿದ್ದು.’

ಇಂದ್ರಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಳುತ್ತಿದ್ದಳೋ, ಹೊಗೆಯೋ, ನನಗೆ ತಿಳಿಯಲಿಲ್ಲ.

‘ಅಲ್ಲಿ ನನಗೆ ಯಾವಾಗ್ಲೂ ಚಳಿ ಆಗ್ತಿತ್ತು ದೊಡ್ಡಮ್ಮ’ ಎಂದಳು. ‘ಹತ್ತೊಂಬತ್ತು ವರ್ಷ ಚಳಿ ಆಗ್ತಿತ್ತು. ನೀನು ಅಷ್ಟು ಪ್ರೀತಿಯಿಂದ ಹಾಸ್ತಿದ್ದೆ, ಹೆಂಗೆ ಹೇಳೋದು ಅಂತ ಹೇಳ್ಲಿಲ್ಲ.’

ಅವಳು ಹೆಂಚಿನಿಂದ ರೊಟ್ಟಿ ತೆಗೆದು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟಳು. ಕೂತಲ್ಲೇ ಮಣೆಯನ್ನು ಪಕ್ಕಕ್ಕೆ ಸರಿಸಿ, ಒಲೆಯ ಮುಂದೆ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದಳು.

‘ಇತ್ತ ಬಾ’ ಎಂದಳು. ‘ಅಲ್ಲಿ ಕೂತ್ರೆ ನಿನಗೆ ಕಾವು ಸಿಗಲ್ಲ.’